ಮೊಣಕಾಲಿನ ವ್ಯಾಯಾಮ ಹೇಳಿಕೊಡುವ ರೋಬೋ: ಎಷ್ಟು ನಂಬಬೇಕೋ ಅಷ್ಟೇ ನಂಬುವಂತೆ ಕಟ್ಟುವುದು ಹೇಗೆ?

2016ರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದು ರೋಬೋ ಜನರನ್ನು ಒಬ್ಬೊಬ್ಬರಾಗಿ ಕೋಣೆಯೊಂದಕ್ಕೆ ಕರೆದುಕೊಂಡು ಹೋಗುತ್ತದೆ. ಕೆಲವರ ಮುಂದೆ ಅದು ಬೇಕಂತಲೇ ದಾರಿ ತಪ್ಪುತ್ತದೆ, ಬೇರೆ ಕೋಣೆಗೆ ನುಗ್ಗಿ ಸುತ್ತು ಹೊಡೆಯುತ್ತದೆ. ಸ್ವಲ್ಪ ಹೊತ್ತಿಗೆ ಬೆಂಕಿ ಅಲಾರಂ ಹೊಡೆಯುತ್ತದೆ, ಕೃತಕ ಹೊಗೆ ತುಂಬುತ್ತದೆ. ಬಾಗಿಲು ತೆಗೆದರೆ ಎದುರಿಗೆ ಅದೇ ರೋಬೋ, ದಾರಿ ತೋರಿಸುತ್ತಾ ನಿಂತಿದೆ. ತಾವು ಒಳಗೆ ಬಂದ ಬಾಗಿಲು ಎಲ್ಲರಿಗೂ ಗೊತ್ತಿತ್ತು, ಅಲ್ಲಿ ಹೊರಹೋಗುವ ಫಲಕವೂ ಇತ್ತು. ಆದರೂ 26 ಜನರಲ್ಲಿ 26 ಜನವೂ ರೋಬೋ ತೋರಿಸಿದ ಕಡೆಗೇ ಹೋದರು.

ವಿಶ್ವಾಸಾರ್ಹ ರೋಬೋ ಎಂದ ಕೂಡಲೇ, ಜನ ಅದನ್ನು ನಂಬುವಂತೆ ಮಾಡುವುದು ಹೇಗೆ ಎಂದು ಎಲ್ಲರೂ ಯೋಚಿಸುತ್ತಾರೆ. ನಂಬಿಸುವುದು ಅಷ್ಟೇನೂ ಕಷ್ಟವಲ್ಲ. ಎರಡು ಕಣ್ಣು, ಒಂದು ಮೆತ್ತಗಿನ ದನಿ, ಮೇಲೆ ಬಿಳಿ ಬಣ್ಣ ಕೊಟ್ಟರೆ ಅರ್ಧ ಕೆಲಸ ಮುಗಿಯಿತು. ಕಷ್ಟ ಇರುವುದು ಬೇರೆ ಕಡೆ. ರೋಬೋಗೆ ಎಷ್ಟು ಯೋಗ್ಯತೆ ಇದೆಯೋ ಅಷ್ಟೇ ನಂಬಿಕೆ ಹುಟ್ಟಬೇಕು. ಅದು ತಪ್ಪಿದಾಗ ಎದುರಿಗೆ ಕೂತವರು "ಇಲ್ಲಪ್ಪಾ, ನಿನ್ನ ಲೆಕ್ಕ ತಪ್ಪು" ಎಂದು ಹೇಳುವಂತಿರಬೇಕು.

ಇಲ್ಲಿ ಒಂದೇ ಒಂದು ರೋಬೋ ಕಟ್ಟೋಣ. ಮೊಣಕಾಲು ಸವೆತ ಇರುವ ಹಿರಿಯರಿಗೆ ಮನೆಯಲ್ಲೇ ವ್ಯಾಯಾಮ ಮಾಡಿಸುವ, ಮೇಜಿನ ಮೇಲೆ ಕೂರುವ ಚಿಕ್ಕ ರೋಬೋ. ಕೊನೆಯ ವರ್ಷದ ಎಂಜಿನಿಯರಿಂಗ್ ಪ್ರಾಜೆಕ್ಟಿಗೆ ಹೇಳಿ ಮಾಡಿಸಿದ ಕೆಲಸ. ಪೈಥಾನ್ ಮತ್ತು ಸ್ವಲ್ಪ ಎಲೆಕ್ಟ್ರಾನಿಕ್ಸ್ ಗೊತ್ತಿದ್ದರೆ ಸಾಕು.

"ಫೋನ್ ಆ್ಯಪ್ ಸಾಲದಾ, ರೋಬೋ ಯಾಕೆ?" ಎಂದು ಗೈಡ್ ಕೇಳಿಯೇ ಕೇಳುತ್ತಾರೆ. ಉತ್ತರ ಇಟ್ಟುಕೊಳ್ಳಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಕೋರಿ ಕಿಡ್ ಎಂಬ ಸಂಶೋಧಕ ತೂಕ ಇಳಿಸಲು ಜೊತೆಯಾಗುವ ಆಟಮ್ ಎಂಬ ರೋಬೋ ಕಟ್ಟಿದ್ದರು. 45 ಜನರನ್ನು ಮೂರು ಗುಂಪು ಮಾಡಿ ಒಂದಕ್ಕೆ ರೋಬೋ, ಇನ್ನೊಂದಕ್ಕೆ ಅದೇ ಮಾತು ತೋರಿಸುವ ಕಂಪ್ಯೂಟರ್, ಮತ್ತೊಂದಕ್ಕೆ ದಿನದ ಊಟ, ವ್ಯಾಯಾಮದ ಲೆಕ್ಕ ಬರೆದಿಡಲು ಕಾಗದ ಕೊಟ್ಟರು. ಕಾಗದದವರಿಗಿಂತ ರೋಬೋ ಇದ್ದವರು ಹೆಚ್ಚುಕಡಿಮೆ ಎರಡು ಪಟ್ಟು ದಿನ ಬಿಡದೆ ಲೆಕ್ಕ ಬರೆದರು. ಕಂಪ್ಯೂಟರ್ ಗುಂಪು ನಡುವೆ ನಿಂತಿತು. ವ್ಯಾಯಾಮದಲ್ಲಿ ನಿಜವಾದ ತೊಂದರೆ ಅದೇ ಅಲ್ವಾ? ಹೇಗೆ ಮಾಡಬೇಕೆಂದು ಗೊತ್ತಿರುತ್ತದೆ, ಹತ್ತನೇ ದಿನ ಯಾರೂ ಮಾಡುವುದಿಲ್ಲ.

ಹೆಜ್ಜೆ 1: ಕೆಲಸವನ್ನು ಚಿಕ್ಕದು ಮಾಡಿ

ಒಂದೇ ವ್ಯಾಯಾಮ ಆರಿಸಿ. ಕುರ್ಚಿಯಲ್ಲಿ ಕೂತು ಒಂದು ಕಾಲನ್ನು ನಿಧಾನ ಮುಂದಕ್ಕೆ ನೀಡುವುದು, ಐದು ಸೆಕೆಂಡ್ ಹಿಡಿಯುವುದು, ನಿಧಾನ ಇಳಿಸುವುದು. ಕೂತು ಮಾಡುವುದರಿಂದ ಬೀಳುವ ಭಯ ಕಡಿಮೆ. ಕುರ್ಚಿ ಗಟ್ಟಿಯದಾಗಿರಲಿ, ಪ್ಲಾಸ್ಟಿಕ್ ಕುರ್ಚಿ ಬೇಡ. ನಿಂತು ಮಾಡುವ ವ್ಯಾಯಾಮಗಳ ಆಸೆಯನ್ನು ಈಗಲೇ ಬಿಟ್ಟುಬಿಡಿ. ಬೀಳುತ್ತಿರುವವರನ್ನು ಹಿಡಿಯಲು ನಿಮ್ಮ ರೋಬೋಗೆ ಕೈಯಿಲ್ಲ.

ಹೆಜ್ಜೆ 2: ಫಿಸಿಯೋ ಹತ್ತಿರ ಹೋಗಿ ಕೂರಿ

ಕೋಡ್ ಬರೆಯುವ ಮೊದಲು ಒಬ್ಬ ಫಿಸಿಯೋಥೆರಪಿಸ್ಟ್ ಒಪ್ಪಿಗೆ ಪಡೆದು, ರೋಗಿಗಳ ಒಪ್ಪಿಗೆಯನ್ನೂ ಪಡೆದು, ಅವರು ಕೆಲಸ ಮಾಡುವುದನ್ನು ನೋಡಿ. ಬಾಯಲ್ಲಿ ಏನು ಹೇಳುತ್ತಾರೆ, ಯಾವಾಗ ಸುಮ್ಮನಿರುತ್ತಾರೆ, ಮುಖ ನೋಡಿ ಯಾವಾಗ ನಿಲ್ಲಿಸುತ್ತಾರೆ ಎಂದು ಬರೆದುಕೊಳ್ಳಿ. ಸುಮ್ಮನಿರುವ ಹೊತ್ತು ಎಷ್ಟು ಜಾಸ್ತಿ ಎಂದು ಗಮನಿಸಿ. ಅದು ಮುಂದೆ ಕೆಲಸಕ್ಕೆ ಬರುತ್ತದೆ.

ಆಮೇಲೆ ಕೆಲಸ ಹಂಚಿಕೊಳ್ಳಿ. ಯಾವ ಕಾಲು, ಎಷ್ಟು ಸಲ, ಎಷ್ಟು ಎತ್ತರ, ಯಾವಾಗ ಹೆಚ್ಚಿಸಬೇಕು: ಇವು ನಾಲ್ಕೂ ಫಿಸಿಯೋ ತೀರ್ಮಾನ. ನೆನಪಿಸುವುದು, ಎಣಿಸುವುದು, ವೇಗ ತೋರಿಸುವುದು, ಜೊತೆ ಕೊಡುವುದು ರೋಬೋ ಕೆಲಸ. ಇವತ್ತು ಮಾಡಬೇಕೋ ಬೇಡವೋ ಎನ್ನುವುದು ಕುರ್ಚಿಯಲ್ಲಿ ಕೂತವರಿಗೆ ಬಿಟ್ಟದ್ದು. ಈ ಗೆರೆಯನ್ನು ಕೋಡ್‌ನಲ್ಲೇ ಹಾಕಿ. ಫಿಸಿಯೋ ಬರೆದ ಸಂಖ್ಯೆಗಳು ಒಂದು ಫೈಲಿನಲ್ಲಿರಲಿ, ಆ ಫೈಲನ್ನು ರೋಬೋ ಓದಬಹುದು, ತಿದ್ದುವಂತಿಲ್ಲ. "ನಿನ್ನೆ ಚೆನ್ನಾಗಿ ಮಾಡಿದರು, ಇವತ್ತು ಎರಡು ಜಾಸ್ತಿ ಮಾಡಿಸೋಣ" ಎಂಬ ಬುದ್ಧಿವಂತಿಕೆ ಬೇಡವೇ ಬೇಡ.

ಹೆಜ್ಜೆ 3: ರೋಬೋ ಇಲ್ಲದೆ ರೋಬೋ ಆಡಿಸಿ

ರಟ್ಟಿನ ಡಬ್ಬಿಗೆ ಎರಡು ಕಣ್ಣು ಅಂಟಿಸಿ, ಒಳಗೆ ಬ್ಲೂಟೂತ್ ಸ್ಪೀಕರ್ ಇಡಿ. ಪಕ್ಕದ ಕೋಣೆಯಲ್ಲಿ ನಿಮ್ಮಲ್ಲೊಬ್ಬರು ಕೂತು ಮಾತಾಡಿ. ತೊಗಲುಗೊಂಬೆ ಆಟದ ಹಾಗೆ, ಪರದೆಯ ಹಿಂದೆ ಮನುಷ್ಯ, ಮುಂದೆ ಗೊಂಬೆ. ಈ ಕ್ಷೇತ್ರದ ಸಂಶೋಧಕರು ಇದನ್ನು ಮಾಮೂಲಾಗಿ ಮಾಡುತ್ತಾರೆ. ಮೇಲೆ ಹೇಳಿದ ಬೆಂಕಿ ಪ್ರಯೋಗದ ರೋಬೋವನ್ನೂ ಮರೆಯಲ್ಲಿದ್ದ ಒಬ್ಬ ಸಂಶೋಧಕರೇ ನಡೆಸುತ್ತಿದ್ದರು.

ಮನೆಯ ಹಿರಿಯರಿಂದ, ಅಕ್ಕಪಕ್ಕದವರಿಂದ ಶುರು ಮಾಡಿ. ಡಬ್ಬಿಯ ಜೊತೆ ಏನೇನು ಮಾತಾಡುತ್ತಾರೆ ಬರೆದಿಡಿ. "ಕಾಲು ಎತ್ತಿ" ಎಂದರೆ ಎಷ್ಟೋ ಜನ ಇಡೀ ತೊಡೆ ಎತ್ತುತ್ತಾರೆ. "ಕಾಲು ಮುಂದೆ ನೀಡಿ" ಎಂದರೆ ಸರಿಯಾಗಿ ಮಾಡುತ್ತಾರೆ. ಇಂಥದ್ದು ಕೋಡ್ ಬರೆಯುತ್ತಾ ಕೂತರೆ ಹೊಳೆಯುವುದಿಲ್ಲ. ಆಟ ಮುಗಿದ ಮೇಲೆ ಹಿಂದೆ ಮನುಷ್ಯ ಇದ್ದ ಎಂದು ಹೇಳಿಬಿಡಿ.

ಹೆಜ್ಜೆ 4: ನೋಡುವುದು, ಎಣಿಸುವುದು, ಕಾಣದಿದ್ದರೆ ಒಪ್ಪಿಕೊಳ್ಳುವುದು

ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್, ಒಂದು ಕ್ಯಾಮೆರಾ, ಗೂಗಲ್‌ನ ಮೀಡಿಯಾಪೈಪ್ ತಂತ್ರಾಂಶ. ಇದು ದೇಹದ ಮೇಲೆ 33 ಬಿಂದುಗಳನ್ನು ಗುರುತಿಸುತ್ತದೆ. ನಮಗೆ ಬೇಕಾದ್ದು ಮೂರೇ: ಸೊಂಟ, ಮೊಣಕಾಲು, ಪಾದದ ಗಂಟು. ಈ ಮೂರರಿಂದ ಮೊಣಕಾಲಿನ ಕೋನ ಸಿಗುತ್ತದೆ. ಕೂತಾಗ ಸುಮಾರು 90 ಡಿಗ್ರಿ, ಪೂರ್ತಿ ನೀಡಿದಾಗ 180ರ ಹತ್ತಿರ. ಕ್ಯಾಮೆರಾ ಪಕ್ಕದಿಂದ ನೋಡುವಂತೆ ಇಡಿ. ಎದುರಿಗಿಟ್ಟರೆ ಕಾಲು ಕ್ಯಾಮೆರಾ ಕಡೆಗೇ ಬರುತ್ತದೆ, ಆಳದ ಅಂದಾಜು ಕೈಕೊಡುತ್ತದೆ.

ಎಲ್ಲರಿಗೂ ಒಂದೇ ಗುರಿ ಇಡಬೇಡಿ. ಮಂಡಿ ಬಿಗಿದುಕೊಂಡವರಿಗೆ 150 ಡಿಗ್ರಿಯೇ ದೊಡ್ಡದು. ಮೊದಲ ದಿನ ಫಿಸಿಯೋ ಎದುರಿನಲ್ಲೇ ಅವರ ಕಾಲು ಎಲ್ಲಿಂದ ಎಲ್ಲಿಯವರೆಗೆ ಹೋಗುತ್ತದೆ ಎಂದು ಅಳೆದು ಆ ಅಳತೆಯನ್ನು ಉಳಿಸಿ. ಆಮೇಲೆ ಎರಡು ಗೆರೆ ಹಾಕಿ. ಕಾಲು ಆ ಅಳತೆಯ ಶೇಕಡಾ 80 ದಾಟಿದರೆ "ಮೇಲೆ", ಶೇಕಡಾ 30ಕ್ಕಿಂತ ಕೆಳಗೆ ಬಂದರೆ "ಕೆಳಗೆ". ಮೇಲೆ ಹೋಗಿ ಕೆಳಗೆ ಬಂದರೆ ಮಾತ್ರ ಒಂದು ಎಣಿಕೆ. ಒಂದೇ ಗೆರೆ ಹಾಕಿದರೆ ಗೆರೆಯ ಹತ್ತಿರ ಕಾಲು ನಡುಗಿದಾಗೆಲ್ಲ ಎಣಿಕೆ ಏರುತ್ತಾ ಹೋಗುತ್ತದೆ. ಹಿರಿಯರ ಕಾಲು ನಡುಗುವುದು ಸಹಜ, ಹಾಗಾಗಿ ಈ ತಪ್ಪು ಬೇಗ ಕಾಣುತ್ತದೆ. ಕೋನವನ್ನು ನೇರ ಬಳಸದೆ ಹಿಂದಿನ ಐದು ಅಳತೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ಮಧ್ಯದ್ದನ್ನು ತೆಗೆದುಕೊಳ್ಳಿ.

ಈಗ ದೊಡ್ಡ ತೊಡಕಿಗೆ ಬರೋಣ: ಸೀರೆ, ನೈಟಿ, ಪಂಚೆ. ಲ್ಯಾಬಿನಲ್ಲಿ ಜೀನ್ಸ್ ಹಾಕಿದ ಗೆಳೆಯರ ಮೇಲೆ ಪರೀಕ್ಷಿಸಿ ಚಪ್ಪಾಳೆ ತಟ್ಟಿಕೊಂಡ ರೋಬೋ, ಸೀರೆ ಉಟ್ಟವರ ಮುಂದೆ ಕುರುಡಾಗುತ್ತದೆ. ಮೊಣಕಾಲು ಎಲ್ಲಿದೆ ಎಂದು ಅದಕ್ಕೆ ಕಾಣುವುದಿಲ್ಲ, ಆದರೂ ಒಂದು ಬಿಂದು ಇಟ್ಟೇ ಇಡುತ್ತದೆ. ಊಹೆಯ ಬಿಂದು ಅದು. ಪ್ರತಿ ಬಿಂದುವಿನ ಜೊತೆ ಅದು ಎಷ್ಟು ಚೆನ್ನಾಗಿ ಕಾಣುತ್ತಿದೆ ಎಂಬ ಒಂದು ಸಂಖ್ಯೆಯನ್ನೂ ಮೀಡಿಯಾಪೈಪ್ ಕೊಡುತ್ತದೆ. ಅದನ್ನು ನೋಡದೆ ಬಿಡುವ ಪ್ರಾಜೆಕ್ಟುಗಳೇ ಜಾಸ್ತಿ. ನೀವು ನೋಡಿ. ಅದು ತೀರಾ ಕಡಿಮೆಯಾದರೆ ರೋಬೋ ಎಣಿಕೆ ನಿಲ್ಲಿಸಿ ಬಾಯಿಬಿಟ್ಟು ಹೇಳಬೇಕು: "ನನಗೆ ನಿಮ್ಮ ಮೊಣಕಾಲು ಕಾಣ್ತಾ ಇಲ್ಲ. ಈಗ ನೀವೇ ಎಣಿಸಿ, ನಾನು ಕೇಳಿಸ್ಕೊಳ್ತೀನಿ." ಹೀಗೆ ಹೇಳುವ ರೋಬೋ ದಡ್ಡನಂತೆ ಕಾಣುತ್ತದೆ ಎಂದು ಹೆದರಬೇಡಿ. ಕಾಣದ್ದನ್ನು ಕಂಡಂತೆ ನಟಿಸಿ ಎಂಟನ್ನು ಹತ್ತು ಎನ್ನುವ ರೋಬೋಗಿಂತ ಇದು ಎಷ್ಟೋ ವಾಸಿ.

ಬಟ್ಟೆ ಬದಲಿಸಿ ಎಂದು ಯಾರಿಗೂ ಹೇಳಬೇಡಿ. ಬೇರೆ ದಾರಿ ಇದೆ. ಎಂಪಿಯು-6050 ಎಂಬ ಚಲನೆ ಅಳೆಯುವ ಚಿಕ್ಕ ಸಂವೇದಕ, ಅಳತೆಯನ್ನು ವೈರ್ ಇಲ್ಲದೆ ಕಳಿಸುವ ಒಂದು ಇಎಸ್‌ಪಿ-32 ಬೋರ್ಡ್, ಒಂದು ಪುಟ್ಟ ಬ್ಯಾಟರಿಯನ್ನು ವೆಲ್ಕ್ರೋ ಪಟ್ಟಿಯಲ್ಲಿ ಹೊಲಿದು ಪಾದದ ಗಂಟಿನ ಮೇಲೆ ಕಟ್ಟಿ. ಕೂತಾಗ ತೊಡೆ ಅಲುಗುವುದಿಲ್ಲ, ಕೆಳಗಾಲು ಮಾತ್ರ ಏಳುತ್ತದೆ. ಹಾಗಾಗಿ ಕೆಳಗಾಲು ಎಷ್ಟು ವಾಲಿದೆ ಎಂದು ಗೊತ್ತಾದರೆ ಮೊಣಕಾಲಿನ ಕೋನ ಗೊತ್ತಾದಂತೆ. ಚಲನೆ ನಿಧಾನವಾದ್ದರಿಂದ ಗುರುತ್ವದ ದಿಕ್ಕು ನೋಡಿಯೇ ಎಷ್ಟು ವಾಲಿದೆ ಎಂದು ಹೇಳಬಹುದು. ನನ್ನ ಕೇಳಿದರೆ ಈ ವ್ಯಾಯಾಮಕ್ಕೆ ಕ್ಯಾಮೆರಾಗಿಂತ ಪಟ್ಟಿಯೇ ಮೇಲು. ಅಗ್ಗ, ಕತ್ತಲೆಯಲ್ಲೂ ನಡೆಯುತ್ತದೆ, ಮನೆಯೊಳಗೆ ಕ್ಯಾಮೆರಾ ಇಡುವ ತಲೆನೋವೇ ಇಲ್ಲ. ಒಂದೇ ಷರತ್ತು: ಬಗ್ಗಿ ಕಟ್ಟಿಕೊಳ್ಳಲು ಆಗದವರಿಗೆ ಮನೆಯವರು ನೆರವಾಗಬೇಕು.

ಎಣಿಕೆಯಲ್ಲಿ ಜಗಳ ಬಂದರೆ? ಮನುಷ್ಯರ ಮಾತೇ ಗೆಲ್ಲಲಿ. "ನಾನು ಎಂಟು ಎಣಿಸಿದ್ದೆ. ನೀವು ಹತ್ತು ಅಂದ್ರೆ ಹತ್ತು." ಎರಡೂ ಸಂಖ್ಯೆ ದಾಖಲೆಯಲ್ಲಿರಲಿ, ರೋಬೋ ವಾದ ಮಾಡದಿರಲಿ.

ಹೆಜ್ಜೆ 5: ನಿಲ್ಲಿಸುವ ದಾರಿ ಮೊದಲು, ಶುರು ಮಾಡುವ ದಾರಿ ಆಮೇಲೆ

ನೋವು ಎಂಬ ಮಾತು ಕಿವಿಗೆ ಬಿದ್ದ ಕ್ಷಣ ರೋಬೋ ನಿಲ್ಲಬೇಕು. ಅದು ಹುಡುಕಬೇಕಾದ ಮಾತುಗಳನ್ನು ನಿಘಂಟು ನೋಡಿ ಬರೆಯಬೇಡಿ. "ನೋಯ್ತಾ ಇದೆ" ಎನ್ನುವವರು ಇರುವಂತೆ "ಬ್ಯಾನಿ ಆಗ್ತೈತಿ" ಎನ್ನುವವರೂ ಇದ್ದಾರೆ. ಸಾಕು, ಆಗಲ್ಲ, ಆಗಂಗಿಲ್ಲ, ಸೆಳೀತಿದೆ, ಚುಚ್ತಿದೆ, ಜೋಮು ಹಿಡಿದಿದೆ, ಅಯ್ಯೋ, ಅಮ್ಮಾ: ಎಲ್ಲವೂ ಪಟ್ಟಿಯಲ್ಲಿರಲಿ. ನಿಮ್ಮ ಊರಿನ ಮಾತು ಸೇರಿಸಿ. ಸುಮ್ನೆ ಉಸ್ಸಪ್ಪಾ ಎಂದದ್ದಕ್ಕೂ ನಿಂತರೆ ಪರವಾಗಿಲ್ಲ, ಮತ್ತೆ ಶುರು ಮಾಡಬಹುದು. ಈ ಕೆಲಸಕ್ಕೆ ಇಂಟರ್ನೆಟ್ ಬೇಕಾಗಬಾರದು, ಮಾತು ಗುರುತಿಸುವುದು ರೋಬೋ ಒಳಗೇ ನಡೆಯಲಿ.

ಆದರೂ ಮಾತನ್ನೇ ನೆಚ್ಚಬೇಡಿ. ಟಿವಿಯಲ್ಲಿ ಧಾರಾವಾಹಿ, ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಇರುವ ಮನೆ ಅದು. ಕೈಗೆ ಸಿಗುವಂತೆ ಒಂದು ದೊಡ್ಡ ಕೆಂಪು ಬಟನ್ ಕೊಡಿ. ಬಟನ್‌ಗೆ ಧಾರವಾಡದ ಕನ್ನಡವೂ ಒಂದೇ, ಮಂಗಳೂರಿನ ಕನ್ನಡವೂ ಒಂದೇ. ಅದು ಮೋಟಾರಿನ ಕರೆಂಟನ್ನು ನೇರವಾಗಿ ಕಡಿಯಬೇಕು, ತಂತ್ರಾಂಶದ ಅಪ್ಪಣೆ ಕೇಳಬಾರದು.

ನಿಂತ ಮೇಲೆ "ಯಾಕೆ?" ಎಂದು ಕೇಳಿ ಪೀಡಿಸಬೇಡಿ. "ನಿಲ್ಲಿಸಿದೆ. ಕಾಲು ಇಳಿಸಿ ಆರಾಮಾಗಿ ಕೂತ್ಕೊಳ್ಳಿ" ಸಾಕು. ಎದೆನೋವು, ತಲೆಸುತ್ತು, ಉಸಿರು ಕಟ್ಟುವಿಕೆ ಎಂಬ ಮಾತು ಬಂದರೆ ಮನೆಯವರನ್ನು ಜೋರಾಗಿ ಕರೆದು, 108ಕ್ಕೆ ಫೋನ್ ಮಾಡಲು ಹೇಳಬೇಕು. ಈ ವಾಕ್ಯಗಳನ್ನು ಕಂಪ್ಯೂಟರ್ ದನಿಯಲ್ಲಿ ಹುಟ್ಟಿಸಬೇಡಿ. ಒಬ್ಬರ ದನಿಯಲ್ಲಿ ಮೊದಲೇ ರೆಕಾರ್ಡ್ ಮಾಡಿಡಿ.

ಹೆಜ್ಜೆ 6: ದೇಹ

ಚಿಕ್ಕದಾಗಿ ಮುಗಿಸಿ. ಕುತ್ತಿಗೆಗೆ ಎರಡು ಸರ್ವೋ ಮೋಟಾರ್ (ಹೇಳಿದ ಕೋನಕ್ಕೆ ತಿರುಗಿ ನಿಲ್ಲುವ ಮೋಟಾರ್): ಒಂದು ತಿರುಗಲು, ಇನ್ನೊಂದು ತಲೆಯಾಡಿಸಲು. ಪಕ್ಕದಲ್ಲಿ ಒಂದು ಹಗುರ ಕಡ್ಡಿ, ಕಾಲು ಎಷ್ಟು ನಿಧಾನ ಏಳಬೇಕೋ ಅಷ್ಟೇ ನಿಧಾನ ಏಳುತ್ತದೆ, ಇಳಿಯುತ್ತದೆ. ಅದನ್ನು ನೋಡಿಕೊಂಡು ಮಾಡುವುದು "ನಿಧಾನ, ನಿಧಾನ" ಎಂದು ಕೇಳುವುದಕ್ಕಿಂತ ಸುಲಭ. ಮನುಷ್ಯರ ಮುಖ ಕೊಡಬೇಡಿ. ಮುಖ ಎಷ್ಟು ಮನುಷ್ಯರಂತಿದೆಯೋ ಅಷ್ಟು ಬುದ್ಧಿಯೂ ಇದೆ ಎಂದು ಜನ ಅಂದುಕೊಳ್ಳುತ್ತಾರೆ, ನಿಮ್ಮ ರೋಬೋಗೆ ಅಷ್ಟು ಬುದ್ಧಿ ಇಲ್ಲ.

ಮುಂದೆ ಮಾರುವ ಯೋಚನೆ ಇದ್ದರೆ, ಮನುಷ್ಯರ ಆರೈಕೆಗೆ ಬಳಸುವ ರೋಬೋಗಳ ಸುರಕ್ಷತೆಯ ಐಎಸ್‌ಒ 13482 ಮಾನದಂಡ ಓದಿ. ಚಿಕಿತ್ಸೆ ಎಂದು ಹೇಳಿಕೊಂಡು ಮಾರುವುದಾದರೆ ಭಾರತದ ವೈದ್ಯಕೀಯ ಸಾಧನಗಳ ನಿಯಮಗಳು, 2017 ನಿಮಗೆ ಅನ್ವಯಿಸುತ್ತವೆಯೇ ಎಂದು ಮೊದಲೇ ವಿಚಾರಿಸಿ.

ಹೆಜ್ಜೆ 7: ಮಾತು ಕಲಿಸಿ, ಮೌನವನ್ನೂ ಕಲಿಸಿ

ಇಲ್ಲಿ ಎಲ್ಲರೂ ಚಾಟ್‌ಜಿಪಿಟಿಯಂಥ ಇತ್ತೀಚಿನ ದೊಡ್ಡ ಭಾಷಾ ಮಾದರಿಯನ್ನು ತಂದು ಜೋಡಿಸುತ್ತಾರೆ. ಆಸೆ ಸಹಜ. ಆದರೆ ವ್ಯಾಯಾಮದ ಹಂತಗಳನ್ನು ಅದರ ಕೈಗೆ ಕೊಡಬೇಡಿ. "ಇನ್ನೊಂದು ಕಾಲಿಗೂ ಮಾಡಬಹುದಾ?" ಎಂದು ಕೇಳಿದರೆ ಅದು ಧೈರ್ಯವಾಗಿ ಏನೋ ಒಂದು ಹೇಳಿಬಿಡುತ್ತದೆ. ಸಿದ್ಧ, ನೀಡು, ಹಿಡಿ, ಇಳಿಸು, ವಿರಾಮ, ನಿಲ್ಲಿಸು: ಈ ಆರು ಸ್ಥಿತಿಗಳನ್ನು ನೀವೇ ಕೋಡ್‌ನಲ್ಲಿ ಬರೆಯಿರಿ. ಹೇಳುವ ವಾಕ್ಯಗಳನ್ನು ಫಿಸಿಯೋ ಒಮ್ಮೆ ಓದಿ ಒಪ್ಪಲಿ. ಗೊತ್ತಿಲ್ಲದ ಪ್ರಶ್ನೆಗೆ ಒಂದೇ ಉತ್ತರ: "ಅದು ನನಗೆ ಗೊತ್ತಿಲ್ಲ. ಫಿಸಿಯೋ ಅವರನ್ನು ಕೇಳೋಕೆ ಬರೆದಿಟ್ಕೊಳ್ತೀನಿ." ನಿಜವಾಗಿ ಬರೆದಿಡಲಿ.

ಹೇಳಿಕೊಡುವ ವಿಷಯದಲ್ಲಿ ಚಲನೆ ಕಲಿಕೆಯ ಸಂಶೋಧನೆಯಿಂದ ಎರಡು ವಿಷಯ ತೆಗೆದುಕೊಳ್ಳಿ. ಒಂದು, ಗಮನ ದೇಹದ ಒಳಗಿರುವುದಕ್ಕಿಂತ ಹೊರಗಿದ್ದರೆ ಚಲನೆ ಸುಧಾರಿಸುತ್ತದೆ ಎಂದು ಗೇಬ್ರಿಯೆಲೆ ವುಲ್ಫ್ ಮತ್ತು ಜೊತೆಗಾರರು ಬಹಳ ಪ್ರಯೋಗಗಳಲ್ಲಿ ತೋರಿಸಿದ್ದಾರೆ. "ತೊಡೆಯ ಸ್ನಾಯು ಬಿಗಿ ಮಾಡಿ" ಎನ್ನುವ ಬದಲು "ಎದುರಿನ ಗೋಡೆಯನ್ನು ಪಾದದಿಂದ ತಳ್ಳೋ ಹಾಗೆ ಮಾಡಿ" ಎನ್ನಿ.

ಎರಡನೆಯದು ರೋಬೋ ಕಟ್ಟುವವರಿಗೆ ನುಂಗಲಾರದ ತುತ್ತು. ಪ್ರತಿ ಸಲವೂ ಸರಿ, ತಪ್ಪು ಎಂದು ಹೇಳುತ್ತಿದ್ದರೆ ಆಗ ಚೆನ್ನಾಗಿ ಮಾಡುತ್ತಾರೆ, ಹೇಳುವವರು ಇಲ್ಲದಾಗ ಮರೆಯುತ್ತಾರೆ. ಕ್ಯಾರೊಲಿ ವಿನ್‌ಸ್ಟೀನ್ ಮತ್ತು ರಿಚರ್ಡ್ ಶ್ಮಿಟ್ 1990ರಲ್ಲೇ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಆದ್ದರಿಂದ ಮೊದಲ ವಾರ ಪ್ರತಿ ಸಲ ಹೇಳಲಿ, ಆಮೇಲೆ ಎರಡಕ್ಕೊಮ್ಮೆ, ಆಮೇಲೆ ಕೊನೆಯಲ್ಲಿ ಒಂದೇ ಸಲ. ಹೇಳುವ ಮುಂಚೆ "ಈ ಸಲ ಹೇಗಾಯ್ತು ಅನ್ಸುತ್ತೆ?" ಎಂದು ಕೇಳಲಿ. ತನ್ನ ಕಾಲನ್ನು ತಾನೇ ಅಳೆಯಬಲ್ಲವರು ರೋಬೋ ತಪ್ಪನ್ನೂ ಹಿಡಿಯುತ್ತಾರೆ.

ಹೊಗಳಿಕೆಯನ್ನು ಜೋಪಾನವಾಗಿ ಬಳಸಿ. ಪ್ರತಿ ಎಣಿಕೆಗೂ "ಸೂಪರ್!" ಎಂದರೆ ಮೂರನೇ ದಿನಕ್ಕೆ ಅದು ಗೋಡೆ ಗಡಿಯಾರದ ಸದ್ದು. "ಇವತ್ತು ಇಳಿಸುವಾಗ ನಿಧಾನ ಮಾಡಿದ್ರಿ" ಎಂದರೆ ನೋಡಿ ಹೇಳಿದ ಮಾತು ಎಂದು ಗೊತ್ತಾಗುತ್ತದೆ. "ನೀವು ಮಾಡದಿದ್ರೆ ನಂಗೆ ಬೇಜಾರಾಗುತ್ತೆ" ಎಂದು ಮಾತ್ರ ಹೇಳಿಸಬೇಡಿ. ಅದಕ್ಕೆ ಬೇಜಾರಾಗುವುದಿಲ್ಲ. ಒಂಟಿಯಾಗಿರುವ ಹಿರಿಯರ ಮೇಲೆ ಈ ಸುಳ್ಳು ಚೆನ್ನಾಗಿ ಕೆಲಸ ಮಾಡುತ್ತದೆ, ಅದಕ್ಕೇ ಬೇಡ.

ಕರೆಯುವುದು ಹೇಗೆ? ಅರವತ್ತೈದರ ಎಲ್ಲರಿಗೂ ಅಜ್ಜಿ ಎನಿಸಿಕೊಳ್ಳುವುದು ಇಷ್ಟವಿಲ್ಲ. ನಿವೃತ್ತ ಟೀಚರ್‌ಗೆ ಮೇಡಂ ಬೇಕು, ಇನ್ನೊಬ್ಬರಿಗೆ ಅಮ್ಮ, ಮತ್ತೊಬ್ಬರಿಗೆ ರಾಯರೇ. ಮೊದಲ ದಿನವೇ ಕೇಳಿ ಇಟ್ಟುಕೊಳ್ಳಲಿ. ಬಹುವಚನವಂತೂ ಇರಲೇಬೇಕು.

ಗೌರಿ ಗಣೇಶ ಹಬ್ಬ, ಮೊಮ್ಮಗಳ ಮದುವೆ ಬಂದರೆ ವಾರ ಬಿಟ್ಟುಹೋಗುತ್ತದೆ. ವಾಪಸ್ ಬಂದಾಗ ಲೆಕ್ಕ ಕೇಳಬಾರದು. ಬಿಟ್ಟ ದಿನಗಳನ್ನು ಕೆಂಪು ಚೌಕದಲ್ಲಿ ತೋರಿಸುವ ಚಾಳಿ ಫೋನ್ ಆ್ಯಪ್‌ಗಳಿಗೇ ಇರಲಿ. ಇಷ್ಟು ದಿನ ಬಿಟ್ಟರೆ ಎಷ್ಟರಿಂದ ಮತ್ತೆ ಶುರು ಮಾಡಬೇಕು ಎಂಬುದನ್ನೂ ಫಿಸಿಯೋ ಫೈಲಿನಲ್ಲೇ ಬರೆಸಿಡಿ.

ಹೆಜ್ಜೆ 8: ಯಾರಿಗೆ ಏನು ಗೊತ್ತಾಗಬೇಕು

ವಿಡಿಯೋ ಉಳಿಸಬೇಡಿ. ಕೋನ, ಎಣಿಕೆ, ನಿಲ್ಲಿಸಿದ ಹೊತ್ತು ಇಷ್ಟೇ ಸಾಕು. ಕ್ಯಾಮೆರಾ ಇದ್ದರೆ ಅದಕ್ಕೆ ಕೈಯಿಂದ ಮುಚ್ಚುವ ಮುಚ್ಚಳ ಇರಲಿ. ಉರಿಯುವ ದೀಪವನ್ನು ಕ್ಯಾಮೆರಾದ ಕರೆಂಟಿಗೇ ಜೋಡಿಸಿ, ಆಗ ದೀಪ ಆರಿಸಿ ಕದ್ದು ನೋಡಲು ಆಗುವುದಿಲ್ಲ.

ಆಮೇಲೆ ನ್ಯೂಜೆರ್ಸಿಯಿಂದ ಮಗನ ಫೋನ್ ಬರುತ್ತದೆ: "ಅಮ್ಮ ದಿನಾ ಮಾಡ್ತಿದ್ದಾರಾ ಅಂತ ನನ್ನ ಫೋನಿಗೆ ಬರೋ ಹಾಗೆ ಮಾಡಿ." ಕಾಳಜಿಯೇ ಇರಬಹುದು. ಆದರೆ ತೀರ್ಮಾನ ಅಮ್ಮನದು. ರೋಬೋ ಚಾಡಿ ಹೇಳುತ್ತದೆ ಎಂದು ಒಮ್ಮೆ ಗೊತ್ತಾದರೆ ಅವರು ಪಟ್ಟಿ ಕಟ್ಟಿ ಸುಮ್ಮನೆ ಕಾಲು ಅಲ್ಲಾಡಿಸಿ ಹತ್ತು ತೋರಿಸುತ್ತಾರೆ. ಫಿಸಿಯೋಗೆ ಹೋಗುವ ವಾರದ ಒಂದು ಪುಟವನ್ನೂ ಮೊದಲು ಅವರಿಗೇ ಓದಿ ಹೇಳಿ, "ಕಳಿಸಲಾ?" ಎಂದು ಕೇಳಿ ಕಳಿಸಲಿ.

ಕಾನೂನೂ ಇದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ ಒಪ್ಪಿಗೆ ಕೊಡುವಷ್ಟೇ ಸುಲಭವಾಗಿ ವಾಪಸ್ ಪಡೆಯುವಂತಿರಬೇಕು, ಒಪ್ಪಿಗೆಯ ಕೋರಿಕೆಯನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ ಓದುವ ಅವಕಾಶ ಇರಬೇಕು. ಅದರಲ್ಲಿ ಕನ್ನಡವೂ ಇದೆ. ಒಪ್ಪಿಗೆ ಪತ್ರ ಒಂದೇ ಪುಟ, ದೊಡ್ಡ ಅಕ್ಷರ, ಮನೆಯಲ್ಲಿ ಆಡುವ ಕನ್ನಡ.

ಹೆಜ್ಜೆ 9: ಬೇಕಂತಲೇ ತಪ್ಪು ಮಾಡಿಸಿ ನೋಡಿ

ಕಾಲೇಜು ಅಥವಾ ಆಸ್ಪತ್ರೆಯ ನೈತಿಕ ಸಮಿತಿಯ ಅನುಮತಿ ಪಡೆದ ಮೇಲೆಯೇ ಹೊರಗಿನವರ ಮೇಲೆ ಪರೀಕ್ಷೆ. ಸಮಿತಿಗಳು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಹಿಡಿದು ಕೇಳುತ್ತವೆ, ಅದನ್ನು ಓದಿಕೊಂಡು ಹೋಗಿ.

"ನಿಮಗೆ ರೋಬೋ ಮೇಲೆ ಎಷ್ಟು ನಂಬಿಕೆ? ಒಂದರಿಂದ ಐದು" ಎಂಬ ಪ್ರಶ್ನೆಪತ್ರಿಕೆ ಎಲ್ಲ ಪ್ರಾಜೆಕ್ಟಿನಲ್ಲೂ ಇರುತ್ತದೆ. ನಮ್ಮವರು ಮಕ್ಕಳ ಮನಸ್ಸು ನೋಯಿಸಬಾರದೆಂದು ಐದೇ ಕೊಡುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಬದಲಿಗೆ ಹೀಗೆ ಮಾಡಿ. ಅಪಾಯವಿಲ್ಲದ ಒಂದು ತಪ್ಪು ಆರಿಸಿ: ಆರರಲ್ಲೇ "ಹತ್ತು ಆಯಿತು" ಎನ್ನುವುದು. ಕಡಿಮೆ ಮಾಡಿಸುವ ತಪ್ಪು ಮಾತ್ರ, ಜಾಸ್ತಿ ಮಾಡಿಸುವ ತಪ್ಪು ಬೇಡ. ಫಿಸಿಯೋ ಪಕ್ಕದಲ್ಲಿರಲಿ. ಎಷ್ಟು ಜನ "ಇನ್ನೂ ನಾಲ್ಕು ಇದೆ" ಎಂದರು, ಎಷ್ಟು ಜನ ರೋಬೋ ಮಾತು ಕೇಳಿ ಕಾಲು ಇಳಿಸಿದರು ಎಂದು ಬರೆದುಕೊಳ್ಳಿ. ಮುಗಿದ ಕೂಡಲೇ ವಿಷಯ ತಿಳಿಸಿ. ಎಲ್ಲರೂ ತಲೆಯಾಡಿಸಿದರೆ ನಿಮ್ಮ ರೋಬೋವನ್ನು ಜನ ಅಗತ್ಯಕ್ಕಿಂತ ಜಾಸ್ತಿ ನಂಬಿದ್ದಾರೆ. ನಾಲ್ಕನೇ ಮತ್ತು ಏಳನೇ ಹೆಜ್ಜೆಗೆ ವಾಪಸ್ ಹೋಗಿ: ರೋಬೋ ತನ್ನ ಅನುಮಾನವನ್ನು ಇನ್ನೂ ಬೇಗ, ಇನ್ನೂ ಸ್ಪಷ್ಟವಾಗಿ ಹೇಳಲಿ, "ನೀವು ಎಷ್ಟು ಎಣಿಸಿದ್ರಿ?" ಎಂದು ಮೊದಲು ಕೇಳಲಿ.

ಮೊದಲ ವಾರದ ಅಂಕಿ ನೋಡಿ ಹಿಗ್ಗಬೇಡಿ. ಹೊಸದಾದ್ದರಿಂದ ಎಲ್ಲರೂ ಮಾಡುತ್ತಾರೆ, ಮೊಮ್ಮಕ್ಕಳೂ ಸೇರಿ ಮಾಡುತ್ತಾರೆ. ಕನಿಷ್ಠ ನಾಲ್ಕೈದು ವಾರ ಒಂದೇ ಮನೆಯಲ್ಲಿ ಇಟ್ಟು ನೋಡಿ.

ಹೆಜ್ಜೆ 10: ರೋಬೋ ನಿಂತುಹೋಗುವ ದಿನಕ್ಕೆ

2019ರಲ್ಲಿ ಜಿಬೋ ಎಂಬ ಮನೆ ರೋಬೋದ ಸರ್ವರ್ ಮುಚ್ಚುವ ಸುದ್ದಿಯನ್ನು ರೋಬೋ ಬಾಯಲ್ಲೇ ಜನ ಕೇಳಬೇಕಾಯಿತು. 2024ರ ಡಿಸೆಂಬರ್‌ನಲ್ಲಿ ಮಕ್ಕಳ ಜೊತೆ ಮಾತಾಡುವ ಮಾಕ್ಸಿ ರೋಬೋ ಮಾಡಿದ್ದ ಕಂಪನಿ ಬಾಗಿಲು ಹಾಕುವುದಾಗಿ ಹೇಳಿತು. ಅದರ ಬುದ್ಧಿಯೆಲ್ಲ ದೂರದ ಸರ್ವರಿನಲ್ಲಿತ್ತು. ನಿಮ್ಮ ಪ್ರಾಜೆಕ್ಟೂ ಜೂನ್‌ನಲ್ಲಿ ಮುಗಿಯುತ್ತದೆ, ನೀವು ಕೆಲಸಕ್ಕೆ ಹೋಗುತ್ತೀರಿ.

ಹಾಗಾಗಿ ಮುಖ್ಯ ಕೆಲಸಗಳೆಲ್ಲ ಇಂಟರ್ನೆಟ್ ಇಲ್ಲದೆ ನಡೆಯಲಿ. ಎಷ್ಟು ದಿನ ಇರುತ್ತದೆ ಎಂದು ಮನೆಗೆ ತಂದ ದಿನವೇ ಹೇಳಿ. ಕೊನೆಯ ಎರಡು ವಾರ ರೋಬೋ ಕಡಿಮೆ ಮಾತಾಡಲಿ, ಒಂದು ದಿನ ಬಿಟ್ಟು ಒಂದು ದಿನ ಹಿರಿಯರು ಅದಿಲ್ಲದೆ ವ್ಯಾಯಾಮ ಮಾಡಲಿ. ಮತ್ತೆ ರೋಬೋ ಬೆನ್ನಿಗೆ ಒಂದು ಲ್ಯಾಮಿನೇಟ್ ಮಾಡಿದ ಕಾರ್ಡ್ ಅಂಟಿಸಿ. ಅದರಲ್ಲಿ ವ್ಯಾಯಾಮದ ಚಿತ್ರ, ಎಷ್ಟು ಸಲ ಎಂಬ ಸಂಖ್ಯೆ, ಆಫ್ ಮಾಡುವ ವಿಧಾನ, ಫಿಸಿಯೋ ಫೋನ್ ನಂಬರ್ ಇರಲಿ. ಅದರದ್ದೇ ಒಂದು ಪ್ರತಿಯನ್ನು ಫ್ರಿಜ್ ಬಾಗಿಲಿಗೂ ಅಂಟಿಸಿ ಬನ್ನಿ.